ಪೊಲಿಕ್ಸೇನಿಯ ಕಾಲ್ಗುಣ

ವೋಲೋಸ್ ಬಂದರಿನ ಹಿಂದುಗಡೆ ಇರುವ ನಮ್ಮ ಬೀದಿಯಲ್ಲಿ, ಹೊಸ ವರ್ಷದ ದಿನ ಅಂಗಡಿಗೆ ಮೊದಲು ಕಾಲಿಡುವವರು ಯಾರು ಎಂಬುದು ಹುಡುಗಾಟದ ಮಾತಲ್ಲ. ಕಾಲ್ಗುಣ ಸರಿಯಿಲ್ಲದವರು ಹೊಸ್ತಿಲು ದಾಟಿಬಿಟ್ಟರೆ ಒಲೆ ಕೆಟ್ಟರೂ, ಗಿರಾಕಿ ಮುನಿದರೂ, ಹಲ್ಲುನೋವು ಬಂದರೂ ವರ್ಷವಿಡೀ ಅವರನ್ನೇ ಬೈದುಕೊಳ್ಳಬೇಕಾಗುತ್ತದೆ. ಆದ್ದರಿಂದ ಒಳ್ಳೆಯ ಕಾಲಿನವರಿಗೆ ಎಷ್ಟೋ ಮುಂಚೆಯೇ ಹೇಳಿಟ್ಟಿರುತ್ತಾರೆ. ಅವರು ಬಂದು ಹೊಸ್ತಿಲ ಮೇಲೆ ದಾಳಿಂಬೆ ಹಣ್ಣನ್ನು ಅಪ್ಪಳಿಸಿ, ಬಲಗಾಲಿಟ್ಟು ಒಳಗೆ ಹೋಗಬೇಕು. ಕಾಳು ದೂರ ಸಿಡಿದಷ್ಟೂ ಒಳ್ಳೆಯದು.

ನಮ್ಮ ಬೀದಿಯ ಪಾಲಿಗೆ ಆ ಕಾಲು ಪೊಲಿಕ್ಸೇನಿಯದು. ಹೆಂಗಸರ ಕೂದಲು ಕತ್ತರಿಸಿ ಬಣ್ಣ ಹಾಕುವ ಪುಟ್ಟ ಅಂಗಡಿ ಆಕೆಯದು. ಗುಂಡು ಮುಖ, ದೊಡ್ಡ ನಗು, ಮೊಣಕೈವರೆಗೆ ಮಡಚಿದ ತೋಳು. ಮದುವೆಯಾಗಿ ಈ ಬೀದಿಗೆ ಬಂದ ಹೊಸದರಲ್ಲಿ, ಅದು ಹೊಸ ವರ್ಷದ ದಿನ ಎಂಬ ಪರಿವೆಯೇ ಇಲ್ಲದೆ, ಬಟ್ಟೆ ಒಣಗಿಸುವ ದಾರ ಕೇಳಲು ಹಡಗಿನ ಹಗ್ಗ ಮಾರುವವರ ಅಂಗಡಿಗೆ ನುಗ್ಗಿದ್ದಳು. ಆ ವರ್ಷ ಅವರ ಮಗಳಿಗೆ ಮದುವೆ ಕುದುರಿತು, ಗೋದಾಮಿನಲ್ಲಿ ಕೊಳೆಯುತ್ತಿದ್ದ ಹಗ್ಗವೆಲ್ಲ ಖರ್ಚಾಯಿತು, ಆ ಅಂಗಡಿಯ ಮುದುಕರ ಮಂಡಿನೋವು ಕೂಡ ಹೇಳದೆ ಕೇಳದೆ ಹೊರಟುಹೋಯಿತು. ಅಲ್ಲಿಂದ ಮುಂದೆ ಪೊಲಿಕ್ಸೇನಿಗೆ ಹೊಸ ವರ್ಷದ ದಿನ ನಿದ್ದೆ ಮಾಡಲು ಬಿಟ್ಟವರಿಲ್ಲ. ಔಷಧಿ ಅಂಗಡಿ, ಮೀನಿನ ಅಂಗಡಿ, ಪಕ್ಕದ ಅರ್ಗೀರೋಳ ಬ್ರೆಡ್ ಅಂಗಡಿ, ಎಲ್ಲದಕ್ಕೂ ಅವಳೇ ಮೊದಲ ಕಾಲು. ನಾಣ್ಯ ಹುದುಗಿಸಿ ಬೇಯಿಸುವ ಹೊಸ ವರ್ಷದ ಕೇಕು ಕತ್ತರಿಸಿದರೆ ನಾಣ್ಯವೂ ಅವಳ ತುಂಡಿನಲ್ಲೇ.

"ಕೇಕಿಗೆ ಮೂಗು ಹತ್ತಿಸಿ ವಾಸನೆ ಹಿಡೀತಾಳೆ ಕಣ್ರೇ ಇವಳು," ಎಂದು ಅರ್ಗೀರೋ ಪ್ರತಿ ವರ್ಷ ಗೊಣಗುತ್ತಿದ್ದಳು. "ಬೇಯ್ಸೋಳು ನಾನು, ನಂಗೆ ಒಂದ್ ಸಲನಾದ್ರೂ ಸಿಕ್ಕಿದ್ಯಾ?"

ಪೊಲಿಕ್ಸೇನಿಗೆ ಈ ಹೆಸರು ಬಹಳ ಇಷ್ಟ. ಇಷ್ಟ ಎಂದರೆ ಸಾಲದು. ಬಂದರಿನ ದೋಣಿಯಲ್ಲಿ ದುಡಿಯುತ್ತಿದ್ದ ಗಂಡ ಪ್ರೋಕೋಪಿಸ್ ತೀರಿಕೊಂಡ ಮೇಲೆ, ಮಗಳು ಮಿರ್ಸೀನಿ ಮದುವೆಯಾಗಿ ಲಾರಿಸಾ ಊರಿಗೆ ಹೋದ ಮೇಲೆ, ತಾನು ಒಬ್ಬರಿಗೆ ಬೇಕಾದವಳು ಎಂದು ಅವಳಿಗೆ ಅನಿಸುತ್ತಿದ್ದದ್ದು ಆ ಒಂದು ಬೆಳಿಗ್ಗೆ. ಬೀದಿಯುದ್ದಕ್ಕೂ ಬಾಗಿಲುಗಳು ಅವಳಿಗಾಗಿ ಕಾಯುತ್ತಿದ್ದವು.

ಪ್ರೋಕೋಪಿಸ್ ಹೋದ ಮೇಲೆ ಅವಳಿಗೆ ಕಷ್ಟವಾದದ್ದು ಮಧ್ಯಾಹ್ನ. ನಮ್ಮಲ್ಲಿ ಊಟವಾದ ಮೇಲೆ ಊರಿಗೆ ಊರೇ ಮಲಗುತ್ತದೆ. ಅಂಗಡಿಗಳ ಶಟರ್ ಇಳಿಯುತ್ತದೆ, ನಾಯಿ ಕೂಡ ಬೊಗಳುವುದಿಲ್ಲ, ಆ ಹೊತ್ತಿನಲ್ಲಿ ಫೋನು ಮಾಡುವವರು ಮನುಷ್ಯರೇ ಅಲ್ಲ. ಮೊದಲೆಲ್ಲ ಪ್ರೋಕೋಪಿಸ್ ಒಳಗಿನ ಕೋಣೆಯಿಂದ, "ಸಾಕು ಬಾರೇ, ಪಾತ್ರೆ ಎಲ್ಲೂ ಓಡಿಹೋಗಲ್ಲ," ಎಂದು ಕರೆಯುತ್ತಿದ್ದ. ಈಗ ಕರೆಯುವವರಿಲ್ಲ, ನಿದ್ದೆಯೂ ಬರುವುದಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಫೋನು ಉಜ್ಜುತ್ತ ಕೂರುವುದು ಅಭ್ಯಾಸವಾಯಿತು. ಹಾಗೆ ಉಜ್ಜುತ್ತಿರುವಾಗಲೇ ಒಂದು ಚಳಿಗಾಲದ ಮಧ್ಯಾಹ್ನ, ಬಣ್ಣಬಣ್ಣದ ಚಕ್ರವೊಂದು ತಿರುಗುತ್ತ ಎದುರಿಗೆ ಬಂದಿತು. ಫೋನಿನಲ್ಲೇ ಕ್ಯಾಸಿನೋ.

ಸೇರುವಾಗ ಅದು ಹೆಸರು, ಹುಟ್ಟಿದ ದಿನ ಎಲ್ಲ ಕೇಳಿತು. ಆಮೇಲೆ, ದಿನಕ್ಕೆ ಎಷ್ಟು ಹಣದವರೆಗೆ ಆಡುತ್ತೀರಿ, ಎಷ್ಟು ಹೊತ್ತು ಆಡುತ್ತೀರಿ, ಎಷ್ಟು ಕಳೆದುಕೊಂಡರೆ ನಿಲ್ಲಿಸಬೇಕು, ನೀವೇ ಒಂದು ಮಿತಿ ಹಾಕಿಕೊಳ್ಳಿ ಎಂದಿತು. ಪೊಲಿಕ್ಸೇನಿಗೆ ನಗು ಬಂತು. ಅವಳ ತಪ್ಪು ಇರುವುದು ಆ ನಗುವಿನಲ್ಲಿ. ಬೇರೆ ಊರಿನವರು ಯಾರಾದರೂ ಆಗಿದ್ದರೆ ಒಂದು ಗಳಿಗೆ ಯೋಚಿಸುತ್ತಿದ್ದರೋ ಏನೋ. ಇವಳು ಬೀದಿಗೆಲ್ಲ ಅದೃಷ್ಟ ಹಂಚುವವಳು. ಮಿತಿ ಎಂಬುದೆಲ್ಲ ಕಾಲ್ಗುಣ ಇಲ್ಲದ ಪಾಪದವರಿಗೆ ಎಂದುಕೊಂಡು, ಎಲ್ಲ ಕಡೆಯೂ ಅದು ಒಪ್ಪುವ ಅತಿ ದೊಡ್ಡ ಅಂಕಿಯನ್ನೇ ಒತ್ತಿದಳು. ಒತ್ತುವ ಮುಂಚೆ ಬಲಗಾಲಿನ ಚಪ್ಪಲಿ ಬಿಟ್ಟು ಪಾದವನ್ನು ನೆಲಕ್ಕೆ ಊರಿದ್ದಳು ಎಂದು ಆಮೇಲೆ ಅವಳೇ ಹೇಳಿಕೊಂಡು ನಕ್ಕಿದ್ದಾಳೆ.

ಮೊದಲ ವಾರ ಗೆದ್ದಳು. ಗೆಲ್ಲದೆ ಇದ್ದಿದ್ದರೆ ಚೆನ್ನಾಗಿತ್ತು. ಗೆದ್ದದ್ದರಿಂದ, ಕಾಲಿನ ಮಹಿಮೆ ಫೋನಿನೊಳಗೂ ಹೋಗುತ್ತದೆ ಎಂಬುದು ಖಾತ್ರಿಯಾಯಿತು. ಆಮೇಲೆ ಸೋತಾಗ, ಇದೇನೋ ಗ್ರಹಚಾರ, ಇನ್ನೊಂದು ಸಲ ತಿರುಗಿಸಿದರೆ ಸರಿಹೋಗುತ್ತದೆ ಎಂದು ತಿರುಗಿಸಿದಳು. ತಲೆ ತೊಳೆಯುವ ಹಳೇ ಕುರ್ಚಿ ಕಿರುಗುಟ್ಟುತ್ತಿತ್ತು, ಹೊಸದಕ್ಕೆಂದು ಎತ್ತಿಟ್ಟಿದ್ದ ಹಣ ಕುರ್ಚಿಗಿಂತ ಮೊದಲೇ ಮುರಿದುಹೋಯಿತು. ಸಂಜೆ ಶಟರ್ ಎತ್ತುವುದು ತಡವಾಗತೊಡಗಿತು. ಗಿರಾಕಿಗಳು ಹೊರಗೆ ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತ ಕಾಯುತ್ತಿದ್ದರು. ನಿದ್ದೆ ಹೋಗಿಬಿಟ್ಟೆ ಎನ್ನುತ್ತಿದ್ದಳು. ಗಂಡ ಸತ್ತ ಹೆಂಗಸಿಗೆ ಕೊನೆಗೂ ನಿದ್ದೆ ಬಂತಲ್ಲ ಎಂದು ಬೀದಿಯೆಲ್ಲ ಸಂತೋಷಪಟ್ಟಿತು. ಅದೇ ಅವಳಿಗೆ ಚುಚ್ಚುತ್ತಿತ್ತು.

ಕೊನೆಗೆ ಬಯಲಿಗೆ ತಂದದ್ದು ಕಲ್ಯೋಪಿ ಅಜ್ಜಿಯ ತಲೆ. ಈಸ್ಟರ್ ಹಬ್ಬದ ವಾರ. ಎಲ್ಲ ಮನೆಗಳಲ್ಲೂ ಮೊಟ್ಟೆಗೆ ಕೆಂಪು ಬಣ್ಣ ಹಾಕುವ ಗಡಿಬಿಡಿ. ಕಲ್ಯೋಪಿ ಅಜ್ಜಿ ಚರ್ಚಿಗೆ ಹೋಗಲು ಕೂದಲಿಗೆ ಕಂದು ಬಣ್ಣ ಹಾಕಿಸಿಕೊಂಡು ಕಣ್ಣುಮುಚ್ಚಿ ಕೂತಿದ್ದರು. ಬಣ್ಣ ಹಿಡಿಯುವವರೆಗೆ ಸ್ವಲ್ಪ ಹೊತ್ತು ಎಂದು ಪೊಲಿಕ್ಸೇನಿ ಹಿಂದಿನ ಕೋಣೆಗೆ ಹೋದಳು. ಚಕ್ರ ತಿರುಗಿತು, ಮತ್ತೆ ತಿರುಗಿತು. ಹೊರಗೆ ಬಂದಾಗ ಅಜ್ಜಿ ಗೊರಕೆ ಹೊಡೆಯುತ್ತಿದ್ದರು. ತೊಳೆದು ನೋಡಿದರೆ ಕೂದಲು ಅಚ್ಚ ಬದನೆಕಾಯಿ ಬಣ್ಣ.

ಅಜ್ಜಿ ಕನ್ನಡಿಯನ್ನು ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. "ಏನೇ ಇದು, ಮೊಟ್ಟೆಗೆ ಬಣ್ಣ ಹಾಕೋ ಪಾತ್ರೆಗೇ ನನ್ನ ತಲೆನೂ ಅದ್ದಿದ್ಯಾ?"

"ತಪ್ಪಾಯ್ತು ಅಜ್ಜಿ, ಸರಿ ಮಾಡ್ತೀನಿ, ಕೂತ್ಕೊಳ್ಳಿ."

"ಬೇಡ ಬಿಡು. ಭಾನುವಾರ ಎಲ್ರೂ ಮೊಟ್ಟೆಗೆ ಮೊಟ್ಟೆ ಕುಟ್ಟೋವಾಗ ನನ್ನ ತಲೆಗೂ ಒಂದು ಕುಟ್ಟಲಿ. ಯಾರ್ದು ಗಟ್ಟಿ ನೋಡೋಣ." ಅಜ್ಜಿ ನಗುತ್ತಿದ್ದರು. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದರು. "ಯಾಕೇ ಅಳ್ತೀಯ? ಕೂದ್ಲು ತಾನೇ. ಬೆಳೆಯುತ್ತೆ."

ಪೊಲಿಕ್ಸೇನಿ ಕೂದಲಿಗಾಗಿ ಅಳುತ್ತಿರಲಿಲ್ಲ. ಅಜ್ಜಿಗೆ ಸ್ಕಾರ್ಫ್ ಕಟ್ಟಿ ಮನೆವರೆಗೆ ಬಿಟ್ಟು ಬಂದು, ಶಟರ್ ಅರ್ಧ ಇಳಿಸಿ, ಆ ಕ್ಯಾಸಿನೋವಿನ ಪುಟವನ್ನು ಮೊದಲ ಸಲ ಕೊನೆಯವರೆಗೂ ಸರಿಸಿ ನೋಡಿದಳು. ಎಲ್ಲಕ್ಕಿಂತ ಕೆಳಗೆ, ಇರುವೆಯಂಥ ಅಕ್ಷರದಲ್ಲಿ, ಸುರಕ್ಷಿತ ಆಟ ಎಂದು ಬರೆದಿತ್ತು. ಒತ್ತಿದರೆ ಒಂದಷ್ಟು ಪ್ರಶ್ನೆಗಳು. ಆಡುವ ವಿಷಯವನ್ನು ನಿಮ್ಮವರಿಂದ ಮುಚ್ಚಿಡುತ್ತೀರಾ? "ಹೂಂ," ಎಂದಳು ಪೊಲಿಕ್ಸೇನಿ, ಎದುರಿಗೆ ಯಾರೋ ಕೂತಿರುವಂತೆ. ಕಳೆದುಕೊಂಡದ್ದನ್ನು ವಾಪಸು ಗೆಲ್ಲಲೆಂದು ಆಡುತ್ತೀರಾ? "ಮತ್ತಿನ್ಯಾಕೆ ಆಡ್ತಾರೆ?" ಅದರ ಕೆಳಗೆ, ಕಳೆದ ತಿಂಗಳು ನೀವು ಇಲ್ಲಿ ಕಳೆದ ಹೊತ್ತು ಇಷ್ಟು ಎಂದು ತೋರಿಸುತ್ತಿತ್ತು. ಅಂಗಡಿಯಲ್ಲಿ ಬಾಚಣಿಗೆ ಹಿಡಿದದ್ದಕ್ಕಿಂತ ಅದೇ ಹೆಚ್ಚಾಗಿತ್ತು. ಹಣ ಹೋದದ್ದಕ್ಕಿಂತ ಆ ಹೊತ್ತು ಹೋದದ್ದು ಅವಳಿಗೆ ಹೆಚ್ಚು ನಾಚಿಕೆ ತಂದಿತು.

ಆ ಸಂಜೆಯೇ ಮಿತಿಗಳನ್ನೆಲ್ಲ ಇಳಿಸಿದಳು. ವಾರಕ್ಕೆ ಒಂದು ಸಿನಿಮಾ ಟಿಕೆಟ್ಟಿನಷ್ಟು ಹಣ, ದಿನಕ್ಕೆ ಒಂದು ಕಾಫಿ ಕುಡಿಯುವಷ್ಟು ಹೊತ್ತು. ಇಳಿಸಿದ್ದು ತಕ್ಷಣ ಜಾರಿಗೆ ಬಂತು. ಅದರ ಮೇಲೆ, ಆಡುತ್ತಿರುವಾಗ ನಡುವೆ ನೆನಪಿಸಬೇಕೇ ಎಂದು ಕೇಳಿದ್ದಕ್ಕೆ ಹೌದು ಎಂದು ಒತ್ತಿದಳು. ಮಾರನೆಯ ದಿನದಿಂದ, ಚಕ್ರ ತಿರುಗುತ್ತಿರುವಾಗಲೇ ಪರದೆಯ ಮೇಲೆ ಚೌಕವೊಂದು ಬಂದು, ನೀವು ಇಷ್ಟು ಹೊತ್ತಿನಿಂದ ಆಡುತ್ತಿದ್ದೀರಿ ಎಂದು ಹೇಳತೊಡಗಿತು.

"ಗೊತ್ತು ಕಣಪ್ಪಾ, ಗೊತ್ತು," ಎನ್ನುತ್ತಿದ್ದಳು ಪೊಲಿಕ್ಸೇನಿ. ಹೇಳಿದ ಮೇಲೆ, ಇದೇ ದನಿಯಲ್ಲಿ ತಾನು ಪ್ರೋಕೋಪಿಸ್‌ಗೆ ಉತ್ತರ ಕೊಡುತ್ತಿದ್ದದ್ದು ನೆನಪಾಯಿತು. ಅವತ್ತು ಹೊತ್ತು ಮುಗಿಯುವ ಮೊದಲೇ ಫೋನು ಕೆಳಗಿಟ್ಟಳು.

ಎಲ್ಲ ದಿನವೂ ಹಾಗೆ ಸಲೀಸಾಗಿರಲಿಲ್ಲ. ಒಂದು ಮಧ್ಯಾಹ್ನ ತಲೆ ಕೆಟ್ಟು ಮಿತಿಯನ್ನು ಮತ್ತೆ ಏರಿಸಲು ಹೋದಳು. ಹೊಸ ಮಿತಿ ಕೆಲವು ದಿನಗಳ ಮೇಲೆ ಜಾರಿಗೆ ಬರುತ್ತದೆ, ಅಷ್ಟರಲ್ಲಿ ಬೇಡವೆನಿಸಿದರೆ ರದ್ದು ಮಾಡಬಹುದು ಎಂದು ಅದು ತಣ್ಣಗೆ ಹೇಳಿತು. ಇಳಿಸುವಾಗ ಇಲ್ಲದ ಕಾಯುವಿಕೆ ಏರಿಸುವಾಗ ಯಾಕೆ ಎಂದು ಪೊಲಿಕ್ಸೇನಿ ಕೆಂಡವಾದಳು. ಆ ನಿಯಮ ಮಾಡಿದವನ ಅಪ್ಪ, ಅಜ್ಜ, ಅವರ ಕತ್ತೆ, ಯಾರನ್ನೂ ಬಿಡದೆ ಬೈದಳು. ಸಿಟ್ಟು ಇಳಿಸಲು ಅಂಗಡಿಯ ನೆಲ ಉಜ್ಜಿದಳು, ಬಾಚಣಿಗೆಗಳನ್ನೆಲ್ಲ ಕುದಿಸಿದಳು. ಗಡುವಿನ ದಿನ ಬರುವ ಹೊತ್ತಿಗೆ ಸಿಟ್ಟೂ ಇರಲಿಲ್ಲ, ಆಸೆಯೂ ಇರಲಿಲ್ಲ. ರದ್ದು ಎಂದು ಒತ್ತಿ, ಹೊರಗೆ ಹೋಗಿ ಬಳೆಯಂತೆ ದುಂಡಗಿನ ಒಂದು ಎಳ್ಳಿನ ಬ್ರೆಡ್ ಕೊಂಡು ತಿಂದಳು. ಅದರಷ್ಟು ರುಚಿಯಾದದ್ದನ್ನು ಎಷ್ಟೋ ದಿನದಿಂದ ತಿಂದಿರಲಿಲ್ಲ.

ಬೇಸಿಗೆ ಹೀಗೆ ಕಳೆಯಿತು. ಶಟರ್ ಹೊತ್ತಿಗೆ ಸರಿಯಾಗಿ ಏಳತೊಡಗಿತು. ಕಲ್ಯೋಪಿ ಅಜ್ಜಿಯ ಬದನೆಕಾಯಿ ಬಣ್ಣ ಕತ್ತರಿಸಿಕೊಂಡು ಹೋಗಿ ಬಿಳಿ ಕೂದಲು ಬಂತು. ಅಜ್ಜಿಗೆ ಅದೇ ಚೆನ್ನಾಗಿದೆ ಎನಿಸಿ ಮತ್ತೆ ಬಣ್ಣವನ್ನೇ ಹಾಕಿಸಲಿಲ್ಲ. ಪೊಲಿಕ್ಸೇನಿಯ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು, ಅರ್ಗೀರೋ ಹೊಸ ಅಂಗಡಿ ಹಿಡಿಯದೇ ಇದ್ದಿದ್ದರೆ.

ಅರ್ಗೀರೋ ಮತ್ತು ಅವಳ ಗಂಡ ಸೊಟೀರಿಸ್ ಮದುವೆಯಾದಾಗಿನಿಂದ ಆ ಇಕ್ಕಟ್ಟಾದ ಬಾಡಿಗೆ ಅಂಗಡಿಯಲ್ಲೇ ಬ್ರೆಡ್ ಸುಟ್ಟವರು. ಬೀದಿಯ ಮೂಲೆಯಲ್ಲಿ ದೊಡ್ಡ ಅಂಗಡಿ ಖಾಲಿಯಾದಾಗ, ಇದ್ದಬದ್ದದ್ದನ್ನೆಲ್ಲ ಸುರಿದು ಅದನ್ನು ಹಿಡಿದರು. ಹೊಸ ಒಲೆ, ಗಾಜಿನ ಕಪಾಟು, ಹೊರಗೆ ಎರಡು ಮೇಜು. ಹೊಸ ವರ್ಷದ ದಿನ ಬಾಗಿಲು ತೆರೆಯುವುದು ಎಂದಾಯಿತು. ಡಿಸೆಂಬರಿನ ಮೊದಲಲ್ಲೇ ಅರ್ಗೀರೋ ಹಿಟ್ಟು ಮೆತ್ತಿದ ಕೈಯಲ್ಲೇ ಪೊಲಿಕ್ಸೇನಿಯ ಅಂಗಡಿಗೆ ಬಂದಳು.

"ನೋಡು, ಈ ಸಲ ಔಷಧಿ ಅಂಗಡಿ, ಮೀನಿನ ಅಂಗಡಿ ಎಲ್ಲ ಆಮೇಲೆ. ಮೊದ್ಲು ನಮ್ಮ ಅಂಗಡಿಗೆ ಕಾಲಿಡ್ಬೇಕು ನೀನು. ಈ ಮುದಿ ವಯಸ್ಸಲ್ಲಿ ತಲೆ ಒಲೆಯೊಳಗೆ ಇಟ್ಟಿದ್ದೀವಿ. ನಿನ್ನ ಕಾಲೇ ಕಾಪಾಡ್ಬೇಕು."

ಪೊಲಿಕ್ಸೇನಿ ಹೂಂ ಎನ್ನಬೇಕಾಗಿತ್ತು. ಗಿರಾಕಿಯ ತಲೆಯಲ್ಲಿ ಕ್ಲಿಪ್ಪು ಸಿಕ್ಕಿಸುತ್ತ, "ನೋಡೋಣ," ಎಂದಳು.

"ನೋಡೋಣ ಅಂದ್ರೆ?" ಅರ್ಗೀರೋ ಸೊಂಟದ ಮೇಲೆ ಕೈಯಿಟ್ಟಳು. "ನೀನೇನು ಮಂತ್ರಿನಾ, ನೋಡೋಣ ಅನ್ನೋಕೆ?"

ಎರಡು ದಿನ ಪೊಲಿಕ್ಸೇನಿಗೆ ಅನ್ನ ನೀರು ಸೇರಲಿಲ್ಲ. ಬರುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕು. ಬರುತ್ತೇನೆ ಎಂದು ಹೋಗಿ, ನಾಳೆ ಅಂಗಡಿ ಮುಳುಗಿದರೆ? ಸ್ವಂತ ಮನೆಯಲ್ಲೇ ಉಳಿಯದ ಅದೃಷ್ಟವನ್ನು ಗೆಳತಿಯ ಹೊಸ್ತಿಲಿಗೆ ಹೊತ್ತುಕೊಂಡು ಹೋಗುವುದೆಂದರೆ ಮೋಸ ಎಂದು ಅವಳಿಗೆ ಅನಿಸಿತು. ಹೇಳಿಬಿಟ್ಟರೋ, ಬೀದಿಯ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಅವಳಿಗೆ ಉಳಿದಿದ್ದದ್ದು ಆ ಒಂದು ಬೆಳಿಗ್ಗೆ ತಾನೇ. ಆದರೂ ಮೂರನೆಯ ದಿನ, ಊಟದ ಹೊತ್ತಿಗೆ, ಹಿಂಬಾಗಿಲಿನಿಂದ ಬ್ರೆಡ್ ಅಂಗಡಿಗೆ ಹೋಗಿ ಹಿಟ್ಟಿನ ಮೂಟೆಯ ಮೇಲೆ ಕೂತಳು.

"ನನ್ನ ಕಾಲು ಕೆಟ್ಟೋಗಿದೆ ಅರ್ಗೀರೋ."

"ಡಾಕ್ಟರ್ ಹತ್ರ ಹೋಗು. ಇಲ್ಯಾಕೆ ಬಂದೆ?"

ಪೊಲಿಕ್ಸೇನಿ ಎಲ್ಲವನ್ನೂ ಹೇಳಿದಳು. ಚಕ್ರ, ದೊಡ್ಡ ಅಂಕಿ, ಹೋದ ಹೊಸ ಕುರ್ಚಿ, ಅಜ್ಜಿಯ ತಲೆ. ಅರ್ಗೀರೋ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. ಮಾತು ಮುಂದುವರಿದಂತೆ ನಾದುವ ಗುದ್ದು ಜೋರಾಗುತ್ತ ಹೋಯಿತು.

"ಅಂದ್ರೆ ನೀನು ಮಲಗ್ತಿರ್ಲಿಲ್ಲ," ಎಂದಳು ಕೊನೆಗೆ. "ನಾನಿಲ್ಲಿ ಗೋಡೆ ಈ ಕಡೆ, ಪಾಪ ಅವಳು ಮಲಗಿದ್ದಾಳೆ, ತಟ್ಟೆ ಸದ್ದು ಮಾಡ್ಬೇಡ ಅಂತ ಗಂಡನ ಬಾಯಿ ಮುಚ್ಚಿಸ್ತಿದ್ದೆ. ನೀನು ಆ ಕಡೆ ಕೂತ್ಕೊಂಡು ಚಕ್ರ ತಿರುಗಿಸ್ತಿದ್ದೆ."

"ಹೂಂ."

"ಗೋಡೆಗೆ ಒಂದ್ ಸಲ ತಟ್ಟೋಕೆ ಏನಾಗಿತ್ತು ನಿಂಗೆ? ಕೈ ಇರ್ಲಿಲ್ವಾ?"

ಅರ್ಗೀರೋ ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡಳು. "ಎಲ್ಲಿ, ಈಗ ಏನು ಮಾಡಿದ್ದೀಯ ತೋರ್ಸು."

ಪೊಲಿಕ್ಸೇನಿ ಫೋನಿನಲ್ಲಿ ಮಿತಿಗಳನ್ನು ತೋರಿಸಿದಳು. ಅರ್ಗೀರೋ ತನಿಖೆ ಮಾಡುವವಳಂತೆ ಕೇಳಿದಳು. "ಇದನ್ನ ಕಾಯೋರು ಯಾರು?"

"ಯಾರೂ ಇಲ್ಲ. ನಾನೇ ಹಾಕ್ಕೊಂಡಿದ್ದು."

"ನೀನೇ ತೆಗೆದ್ರೆ?"

"ತೆಗೀಬೋದು. ಆದ್ರೆ ಕೆಲವು ದಿನ ಕಾಯಿಸುತ್ತೆ. ಅಷ್ಟರಲ್ಲಿ ಬುದ್ಧಿ ಬರುತ್ತೆ."

"ಪೂರ್ತಿ ಮುಚ್ಚೋಕೆ ಆಗಲ್ವಾ?"

"ಆಗುತ್ತೆ. ವರ್ಷಗಟ್ಲೆ ಮುಚ್ಬೋದು. ಅದನ್ನ ಇನ್ನೂ ಒತ್ತಿಲ್ಲ."

ಅರ್ಗೀರೋ ಕನ್ನಡಕ ತೆಗೆದು ಏಪ್ರನ್ ಜೇಬಿಗೆ ಹಾಕಿಕೊಂಡಳು. "ಸರಿ, ಹೋಗು. ಒಲೆ ಮೇಲೆ ಬೇಳೆ ಇಟ್ಟಿದ್ದೀನಿ. ಕಾಲಿನ ವಿಷಯ ಯೋಚ್ನೆ ಮಾಡ್ತೀನಿ."

ಆ ಯೋಚನೆ ಮುಗಿಯಲೇ ಇಲ್ಲ. ದಿನ ಕಳೆದವು, ಅರ್ಗೀರೋ ಬ್ರೆಡ್ ಕೊಟ್ಟಳು, ಚಿಲ್ಲರೆ ಕೊಟ್ಟಳು, ಹವಾಮಾನವನ್ನು ಬೈದಳು, ಕಾಲಿನ ಸುದ್ದಿ ಎತ್ತಲಿಲ್ಲ. ಕ್ರಿಸ್ಮಸ್ ಕಳೆದ ಮೇಲೆ ಕೂದಲು ಸರಿ ಮಾಡಿಸಲು ಬಂದ ಕಲ್ಯೋಪಿ ಅಜ್ಜಿ ಹೊಸ ಸುದ್ದಿ ತಂದರು. ಔಷಧಿ ಅಂಗಡಿಯವರ ಹೊಸ ಸೊಸೆಯನ್ನು ಅರ್ಗೀರೋ ಮೂಲೆ ಅಂಗಡಿಗೆ ಕರೆದುಕೊಂಡು ಹೋಗಿ ಹೊಸ್ತಿಲ ಹತ್ತಿರ ನಿಲ್ಲಿಸಿಕೊಂಡು ಏನೋ ಮಾತಾಡುತ್ತಿದ್ದಳಂತೆ.

"ಆ ಹುಡುಗಿ ಬಸುರಿ ಬೇರೆ," ಎಂದರು ಅಜ್ಜಿ. "ಬಸುರಿ ಕಾಲಿಟ್ರೆ ಕೇಳ್ಬೇಕಾ, ಎರಡು ಜೀವದ ಕಾಲು. ಅಲ್ಲ, ನೀನೇ ಹೋಗ್ತಿದ್ದೆ ಅಲ್ವಾ ಯಾವಾಗ್ಲೂ?"

"ಈ ಸಲ ಬೇರೆಯವ್ರು ಹೋಗ್ಲಿ ಬಿಡಿ ಅಜ್ಜಿ. ನಂಗೂ ವಯಸ್ಸಾಯ್ತು," ಎಂದಳು ಪೊಲಿಕ್ಸೇನಿ. ಕತ್ತರಿ ಎತ್ತಲೋ ಹೋಯಿತು. ಅಜ್ಜಿಯ ಕಿವಿ ಉಳಿದದ್ದು ಪುಣ್ಯ.

ಆ ಮಧ್ಯಾಹ್ನ ಅವಳಿಗಾದ ಸಂಕಟ ಅಷ್ಟಿಷ್ಟಲ್ಲ. ಊರು ಮಲಗಿತ್ತು. ಫೋನು ತೊಡೆಯ ಮೇಲಿತ್ತು. ವಾರದ ಹಣ ಇನ್ನೂ ಹಾಗೇ ಇತ್ತು, ಚಕ್ರ ಎಂದಿನ ಹಾಗೆ ಮಿನುಗುತ್ತಿತ್ತು. ಈಗ ಆಡಿದರೆ ಆಟಕ್ಕಲ್ಲ, ನೋವಿಗೆ ಆಡುತ್ತೇನೆ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಇನ್ನು ಈ ಚಿಕ್ಕ ಮಿತಿಯನ್ನೂ ಕಾಯುತ್ತ ಕೂರಲು ತನಗೆ ಶಕ್ತಿಯಿಲ್ಲ ಎನಿಸಿತು. ಪುಟದ ಕೆಳಗೆ ಹೋದಳು. ನನ್ನನ್ನು ಪೂರ್ತಿ ಹೊರಗಿಡಿ ಎಂಬುದನ್ನು ಒತ್ತಿದಳು. ಎಷ್ಟು ಕಾಲ ಎಂದು ಕೇಳಿತು, ಇದ್ದುದರಲ್ಲಿ ಉದ್ದದ್ದನ್ನೇ ಆರಿಸಿದಳು. ನಡುವೆ ತೆರೆಯಲಾಗುವುದಿಲ್ಲ, ನಿಜವಾಗಿಯೂ ಬೇಕೇ ಎಂದು ಮತ್ತೆ ಕೇಳಿತು. "ಎಷ್ಟ್ ಸಲ ಹೇಳ್ಲಿ," ಎಂದಳು. ಚಕ್ರ ಮಾಯವಾಯಿತು. ಅಲ್ಲಿ ಬರೀ ಬಿಳಿ ಪುಟ ಉಳಿಯಿತು, ಸಹಾಯ ಬೇಕಾದರೆ ಮಾತಾಡಿ ಎಂದು ಒಂದು ಫೋನ್ ನಂಬರ್ ಇತ್ತು. ಆ ನಂಬರಿಗೆ ಅವಳು ಮಾಡಲಿಲ್ಲ. ಮಗಳಿಗೆ ಮಾಡಿದಳು. ಮಲಗುವ ಹೊತ್ತಿನಲ್ಲಿ ಫೋನು ಬಂದದ್ದಕ್ಕೆ ಮಿರ್ಸೀನಿ ಗಾಬರಿಯಾಗಿ, "ಯಾರಮ್ಮಾ ಹೋಗ್ಬಿಟ್ರು?" ಎಂದಳು.

"ಯಾರೂ ಹೋಗಿಲ್ಲ ಕಣೇ, ನಾನೇ ವಾಪಸ್ ಬಂದಿದ್ದೀನಿ," ಎಂದು ಪೊಲಿಕ್ಸೇನಿ ನಿಧಾನವಾಗಿ ಎಲ್ಲ ಹೇಳಿದಳು. ಮಗಳು ಅತ್ತಳು, ಬೈದಳು, ಮೂಗು ಸೀಟಿಕೊಂಡು ಮುಂದಿನ ವಾರ ಬರುತ್ತೇನೆ ಎಂದಳು. ಫೋನಿಟ್ಟ ಮೇಲೆ ಪೊಲಿಕ್ಸೇನಿ ಮಂಚದ ಮೇಲೆ ಹಾಗೇ ಒರಗಿದಳು. ಎದ್ದಾಗ ಸಂಜೆಯಾಗಿತ್ತು, ಹೊರಗೆ ಗಿರಾಕಿಗಳು ಶಟರ್ ಬಡಿಯುತ್ತಿದ್ದರು. ಈ ಸಲ ನಿದ್ದೆ ಹೋಗಿದ್ದೆ ಎಂದದ್ದು ನಿಜವಾಗಿತ್ತು.

ವರ್ಷದ ಕೊನೆಯ ದಿನ ನಮ್ಮಲ್ಲಿ ಎಲ್ಲರೂ ಇಸ್ಪೀಟು ಆಡುತ್ತಾರೆ. ಹೊಸ ವರ್ಷದ ಅದೃಷ್ಟ ನೋಡಿಕೊಳ್ಳುವ ನೆಪ. ಮಧ್ಯಾಹ್ನವೇ ಕಾಫಿ ಅಂಗಡಿಯಲ್ಲಿ ಮೇಜುಗಳು ಸೇರಿದವು, ಸೊಟೀರಿಸ್ ತೋಳು ಮಡಚಿ ಎಲೆ ಕಲಸತೊಡಗಿದ. ಪ್ರತಿ ವರ್ಷದಂತೆ, "ಬಾಮ್ಮಾ, ಕಟ್ಟು ಕತ್ತರಿಸು, ನಿನ್ನ ಕೈ ಸೋಕಲಿ," ಎಂದು ಪೊಲಿಕ್ಸೇನಿಯನ್ನು ಕರೆದ.

"ನಾನು ಮುಟ್ಟಲ್ಲ ಸೊಟೀರಿಸಣ್ಣ. ಕರಿದ ಮೀನು ಬೇಕಾದ್ರೆ ತಂದ್ಕೊಡ್ತೀನಿ."

"ಇವತ್ತು ಆಡದೇ ಇದ್ರೆ ಮುಂದಿನ ಜನ್ಮದಲ್ಲಿ ಕತ್ತೆಯಾಗಿ ಹುಟ್ತಾರಂತೆ."

"ಆಗ್ಲಿ ಬಿಡಣ್ಣ. ನಿಮ್ಮ ಹಿಟ್ಟಿನ ಮೂಟೆ ನಾನೇ ಹೊರ್ತೀನಿ."

ಮೇಜಿನ ಸುತ್ತ ನಗೆಯೆದ್ದಿತು. ಪೊಲಿಕ್ಸೇನಿ ಗೋಡೆಗೊರಗಿ ಒಂದು ಗ್ಲಾಸು ತ್ಸೀಪುರೋ ಸಾರಾಯಿ ಹಿಡಿದು ಆಟ ನೋಡಿದಳು. ಸೊಟೀರಿಸ್ ಎಲೆ ಎಳೆದಷ್ಟೂ ಸೋತ. ಆದರೂ ಏಳಲಿಲ್ಲ, ಇನ್ನೊಂದೇ ಒಂದು ಎನ್ನುತ್ತ ಎಳೆದ. ಕೊನೆಗೆ ಅರ್ಗೀರೋ ಬಂದು ಕಿವಿ ಹಿಡಿದು ಎಬ್ಬಿಸಿಕೊಂಡು ಹೋಗಬೇಕಾಯಿತು. ಹೋಗುವಾಗ ಅವಳು ಬಾಗಿಲಲ್ಲಿ ನಿಂತು, ಎಲೆ ಮುಟ್ಟದೆ ನಗುತ್ತ ಕೂತಿದ್ದ ಪೊಲಿಕ್ಸೇನಿಯನ್ನು ಒಮ್ಮೆ ನೋಡಿದಳು.

ಹೊಸ ವರ್ಷದ ಬೆಳಿಗ್ಗೆ ಪೊಲಿಕ್ಸೇನಿ ಎಲ್ಲಿಗೂ ಹೊರಡಲಿಲ್ಲ. ಅರ್ಗೀರೋಗೆ ಬೇಡವಾದ ಕಾಲು ಬೇರೆಯವರಿಗೆ ಯಾಕೆ ಎಂದು, ಔಷಧಿ ಅಂಗಡಿಗೂ ಮೀನಿನ ಅಂಗಡಿಗೂ ನೆಗಡಿಯೆಂದು ಹೇಳಿ ಕಳಿಸಿದ್ದಳು. ಕಾಫಿ ಮಾಡಿಕೊಂಡು, ಮನೆಯ ಚಪ್ಪಲಿಯಲ್ಲೇ, ಅಂಗಡಿಯ ಮೇಲಿನ ತನ್ನ ಮನೆಯ ಕಿಟಕಿಯ ಹತ್ತಿರ ಕೂತು, ಅಳಬಾರದು ಎಂದುಕೊಂಡಳು. ಅಷ್ಟರಲ್ಲಿ ಕೆಳಗಿನಿಂದ ಸೊಟೀರಿಸ್‌ನ ದನಿ ಕೇಳಿತು.

"ಪೊಲಿಕ್ಸೇನಿ, ಪುಣ್ಯ ಕಟ್ಕೋ, ಬೇಗ ಇಳಿದು ಬಾ. ಇಲ್ಲಿ ನಾವು ಹೆಪ್ಪುಗಟ್ತಾ ಇದ್ದೀವಿ."

ಕೋಟು ಹೊದ್ದು ಇಳಿದು ಮೂಲೆಗೆ ಹೋದರೆ, ಹೊಸ ಅಂಗಡಿಯ ಮುಂದೆ ಜಾತ್ರೆ. ಕಲ್ಯೋಪಿ ಅಜ್ಜಿ ಶಾಲು ಹೊದ್ದು ನಿಂತಿದ್ದರು. ಔಷಧಿ ಅಂಗಡಿಯ ಬಸುರಿ ಸೊಸೆ ಹೊರಗಿನ ಮೇಜಿಗೆ ಒರಗಿ ಕೂತಿದ್ದಳು. ಒಳಗೆ ಒಲೆ ಉರಿಯುತ್ತಿತ್ತು, ಬ್ರೆಡ್ ಬೆಂದ ವಾಸನೆ ಬೀದಿಯೆಲ್ಲ ತುಂಬಿತ್ತು. ಬಾಗಿಲಿಗೆ ಅಡ್ಡವಾಗಿ, ಕೈಕಟ್ಟಿಕೊಂಡು, ಅರ್ಗೀರೋ ನಿಂತಿದ್ದಳು. ಬೆಳಗಿನಿಂದ ಒಬ್ಬರನ್ನೂ ಒಳಗೆ ಬಿಟ್ಟಿರಲಿಲ್ಲ. ಹಿಂದಿನ ರಾತ್ರಿಯೇ ಒಳಗೆ ಸೇರಿಕೊಂಡು ಅಲ್ಲೇ ಬ್ರೆಡ್ ಸುಟ್ಟಿದ್ದ ಅವಳು, ಬೆಳಿಗ್ಗೆ ಸ್ವಂತ ಗಂಡ ಬಂದರೂ ಹೊಸ್ತಿಲು ಮುಟ್ಟಗೊಟ್ಟಿರಲಿಲ್ಲ.

"ಯೋಚ್ನೆ ಮಾಡ್ತೀನಿ ಅಂದಿದ್ದೆ," ಎಂದಳು ಪೊಲಿಕ್ಸೇನಿ. "ಇವಳನ್ನ ಕರೆದಿದ್ದೀಯ ಅಂತ ಕೇಳ್ದೆ."

"ಇವಳನ್ನ ಕರೆದದ್ದು ಹೊಸ್ತಿಲು ಎತ್ತರ ಆಯ್ತಾ ನೋಡೋಕೆ. ಬಸುರಿ ಎಡವದೇ ಇದ್ರೆ ಯಾರೂ ಎಡವಲ್ಲ ಅಂತ. ಯೋಚ್ನೆ ಮಾಡಿದೀನಿ, ಆಯ್ತು. ಹಿಡಿ." ಅವಳ ಕೈಯಲ್ಲಿ ದಾಳಿಂಬೆ ಇತ್ತು.

"ಎಲ್ಲ ಗೊತ್ತಿದ್ದೂ ನನ್ನನ್ನೇ ಕರೀತೀಯಾ? ನನ್ನ ಕಾಲು—"

"ನಿನ್ನ ಕಾಲು ಏನು? ಒಳಗೆ ಹೋಗೋದು ಎಲ್ರ ಕಾಲೂ ಹೋಗುತ್ತೆ. ನಮ್ಮನೆ ಯಜಮಾನ್ರದ್ದು ನಿನ್ನೆ ನೋಡಿದ್ಯಲ್ಲ, ಮೇಜಿನ ಕೆಳಗೆ ಹೋದ ಕಾಲು ಎಳೆದ್ರೂ ಬರ್ತಿರ್ಲಿಲ್ಲ. ನಿನ್ನದು ತಾನಾಗೇ ಆಚೆ ಬಂತು. ಅಂಥ ಕಾಲು ಈ ಬೀದೀಲಿ ಇನ್ಯಾರಿಗಿದೆ ಹೇಳು, ಅವರನ್ನೇ ಕರೀತೀನಿ."

ಸೊಟೀರಿಸ್ ಟೋಪಿ ಸರಿಮಾಡಿಕೊಂಡು ಸಮುದ್ರದ ಕಡೆ ನೋಡಿದ. ಪೊಲಿಕ್ಸೇನಿ ದಾಳಿಂಬೆ ತೆಗೆದುಕೊಂಡು ಎತ್ತಿ ಹೊಸ್ತಿಲಿಗೆ ಬಡಿದಳು. ಅದು ಒಡೆಯಲಿಲ್ಲ, ಟಣ್ಣನೆ ಪುಟಿದು ಚರಂಡಿಯ ಕಡೆ ಉರುಳಿತು. ಕಲ್ಯೋಪಿ ಅಜ್ಜಿ ಕಾಲಡ್ಡ ಹಿಡಿದು ನಿಲ್ಲಿಸಿದರು.

"ಜೋರಾಗಿ ಹೊಡಿಯೇ," ಎಂದಳು ಅರ್ಗೀರೋ. "ಅದನ್ನೇನು ತಲೆ ಸವರಿದ ಹಾಗೆ ಹೊಡೀತೀಯ? ಹೊಡೀಬೇಕಾದದ್ದು ಯಾವುದಕ್ಕೆ ಅಂತ ನೆನೆಸ್ಕೊಂಡು ಹೊಡಿ."

ಎರಡನೆಯ ಸಲ ಪೊಲಿಕ್ಸೇನಿ ಎರಡೂ ಕೈಯಲ್ಲಿ ಎತ್ತಿ ಅಪ್ಪಳಿಸಿದಳು. ಕಾಳು ಅಂಗಡಿಯ ಒಳಗೆ ಒಲೆಯವರೆಗೂ ಸಿಡಿಯಿತು, ಹೊರಗೆ ಸೊಟೀರಿಸ್‌ನ ಹೊಸ ಪ್ಯಾಂಟಿನ ಮೇಲೂ ಸಿಡಿಯಿತು. ಅವನು ಬಾಯಿ ತೆರೆಯುವ ಮೊದಲೇ, ಅದು ಶುಭ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಪೊಲಿಕ್ಸೇನಿ ಬಲಗಾಲಿಟ್ಟು ಒಳಗೆ ಹೋದಳು. ಆಮೇಲೆ ನೋಡಿಕೊಂಡರೆ ಕಾಲಲ್ಲಿ ಇನ್ನೂ ಮನೆಯ ಚಪ್ಪಲಿಯೇ ಇತ್ತು.

ಮೊದಲ ಬೋಣಿಯೂ ಅವಳದೇ ಆಗಬೇಕೆಂದು ಅರ್ಗೀರೋ ಒಲೆಯಿಂದ ಬ್ರೆಡ್ ತೆಗೆದು ಕಾಗದದಲ್ಲಿ ಸುತ್ತಿ ಕೊಟ್ಟಳು, ದುಡ್ಡನ್ನೂ ಬಿಡದೆ ವಸೂಲು ಮಾಡಿದಳು. ಆಮೇಲೆ ಕೌಂಟರಿನ ಮೇಲೆ ಬಾಗಿ, ಇತರರಿಗೆ ಕೇಳದ ಹಾಗೆ, "ಗೋಡೆ ಇನ್ನು ಇಲ್ಲ, ನಾವು ಮೂಲೆಗೆ ಬಂದ್ವಿ," ಎಂದಳು. "ಮಧ್ಯಾಹ್ನ ನಿದ್ದೆ ಬರ್ದಿದ್ರೆ ಇಲ್ಲಿಗೇ ಬಾ. ಹಿಟ್ಟು ನಾದೋಕೆ ಒಂದು ಕೈ ಕಮ್ಮಿ ಇದೆ."

"ಸಂಬಳ ಎಷ್ಟು ಕೊಡ್ತೀಯ?"

"ಬ್ರೆಡ್ಡು, ಬೈಗುಳ."

ಬಿಸಿ ಬ್ರೆಡ್ಡನ್ನು ಎದೆಗೆ ಒತ್ತಿಕೊಂಡು ಪೊಲಿಕ್ಸೇನಿ ಹೊರಗೆ ಬಂದಳು. ಔಷಧಿ ಅಂಗಡಿಯ ಸೊಸೆ ಎದ್ದು ನಿಂತು, ನೆಗಡಿ ವಾಸಿಯಾಗಿದ್ದರೆ ನಮ್ಮ ಹೊಸ್ತಿಲಿಗೂ ಬರುತ್ತೀರಾ ಎಂದು ಕೇಳಿದಳು. ಮೀನಿನ ಅಂಗಡಿಯವನು ಬೀದಿಯ ಆ ತುದಿಯಿಂದ ಇನ್ನೊಂದು ದಾಳಿಂಬೆ ಎತ್ತಿ ತೋರಿಸುತ್ತಿದ್ದ. ಅವಳು ಬ್ರೆಡ್ಡಿನ ತುದಿ ಮುರಿದು ಬಾಯಿಗೆ ಹಾಕಿಕೊಂಡು, ಮನೆಯ ಚಪ್ಪಲಿಯಲ್ಲೇ ಅತ್ತ ಹೊರಟಳು.